ಮನೆಯಲ್ಲಿ ಮಾಡಿದ ಬಿಯರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬಿಯರ್ ಕೆಟ್ಟಿದೆ ಅನಿಸಿದ ತಕ್ಷಣ ಚೆಲ್ಲಬೇಡಿ. ಗಾಬರಿಯಲ್ಲಿ ಅದಕ್ಕೆ ಏನನ್ನೂ ಸೇರಿಸಲೂ ಬೇಡಿ. ಕೆಲವು ತೊಂದರೆಗಳನ್ನು ಈಸ್ಟ್ ತಾನೇ ಸರಿಮಾಡಿಕೊಳ್ಳುತ್ತದೆ, ನಾವು ಸುಮ್ನೆ ಬಿಟ್ಟರೆ ಸಾಕು. ಬೆಣ್ಣೆ ವಾಸನೆ, ಹಸಿ ಸೇಬಿನ ವಾಸನೆ, ಕೊಳೆತ ಮೊಟ್ಟೆಯ ವಾಸನೆ ಹೆಚ್ಚಾಗಿ ಈ ಗುಂಪಿನವು. ಇನ್ನು ಕೆಲವು ಎಷ್ಟು ಕಾದರೂ ಹೋಗುವುದಿಲ್ಲ. ಒದ್ದೆ ರಟ್ಟಿನ ವಾಸನೆ, ಔಷಧಿ ವಾಸನೆ, ಬೆಳಕಿಗೆ ಕೆಟ್ಟ ವಾಸನೆ ಆ ಗುಂಪಿನವು. ನಿಮ್ಮ ದೋಷ ಯಾವ ಗುಂಪಿನದು ಅನ್ನುವುದೇ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ: ನೀವು ಮಾಡಲು ಹೊರಟಿದ್ದು ಯಾವ ಬಿಯರ್? ಜರ್ಮನಿಯ ಗೋಧಿ ಬಿಯರ್ ಆದ ಹೆಫೆವೈಝೆನ್‌ನಲ್ಲಿ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಇರಲೇಬೇಕು. ಅದೇ ಪರಿಮಳ ಪಿಲ್ಸ್ನರ್‌ನಲ್ಲಿ ಬಂದರೆ ದೋಷ. ಬರ್ಲಿನರ್ ವೈಸ್, ಗೋಸೆ, ಬೆಲ್ಜಿಯಂನ ಲ್ಯಾಂಬಿಕ್ ಹುಳಿಯಾಗಿಯೇ ಇರುತ್ತವೆ. ಬಾಂಬೆರ್ಗ್ ಊರಿನ ರೌಖ್‌ಬಿಯರ್‌ನಲ್ಲಿ ಹೊಗೆಯ ವಾಸನೆ ಬರುವುದು ಹೊಗೆಯಲ್ಲಿ ಒಣಗಿಸಿದ ಮಾಲ್ಟ್‌ನಿಂದ, ಅಂದರೆ ಮೊಳಕೆ ಕಟ್ಟಿಸಿದ ಬಾರ್ಲಿಯಂಥ ಕಾಳಿನಿಂದ. ಹಾಗಾಗಿ ತೀರ್ಪು ಕೊಡುವ ಮೊದಲು ಅದೇ ಶೈಲಿಯ ಒಳ್ಳೆಯ ಬಿಯರ್ ಒಂದನ್ನು ಪಕ್ಕದಲ್ಲಿಟ್ಟುಕೊಂಡು ರುಚಿ ನೋಡಿ. ಎಷ್ಟೋ ಅನುಮಾನಗಳು ಅಲ್ಲಿಗೇ ಮುಗಿಯುತ್ತವೆ.

ಪರೀಕ್ಷೆಗೆ ಬೇಕಾದ್ದು ಮೂರೇ: ಹೈಡ್ರೋಮೀಟರ್ (ದ್ರವದ ಸಾಂದ್ರತೆ, ಅಂದರೆ ಗ್ರಾವಿಟಿ ಅಳೆಯುವ ತೇಲುವ ಕೊಳವೆ; ಸಕ್ಕರೆ ಇದ್ದಷ್ಟೂ ಅಂಕಿ ಜಾಸ್ತಿ, ಹುದುಗಿದಂತೆ ಇಳಿಯುತ್ತದೆ), ಥರ್ಮಾಮೀಟರ್, ಮತ್ತು ಬಿಯರ್ ಮಾಡಿದ ದಿನ ಬರೆದಿಟ್ಟ ಟಿಪ್ಪಣಿ. ಮೊದಲು ಈ ಎರಡು ಮೀಟರ್‌ಗಳನ್ನೇ ಪರೀಕ್ಷಿಸಿ. 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಹೈಡ್ರೋಮೀಟರ್ ಅದೇ ಬಿಸಿಯ ಶುದ್ಧ ನೀರಿನಲ್ಲಿ 1.000 ತೋರಿಸಬೇಕು. 1.002 ತೋರಿಸಿದರೆ ಪ್ರತಿ ಸಲವೂ 0.002 ಕಳೆಯಿರಿ. ಥರ್ಮಾಮೀಟರ್ ಪುಡಿ ಐಸ್ ಮತ್ತು ನೀರಿನ ಮಿಶ್ರಣದಲ್ಲಿ 0 ತೋರಿಸಬೇಕು. ಮೀಟರ್ ಸರಿಯಿಲ್ಲದೆ ಬಿಯರ್‌ನ ಮೇಲೆ ತಪ್ಪು ಹೊರಿಸುವುದು ತುಂಬಾ ನಡೆಯುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಬಿಯರ್ ಮಾಡುವ ಬಗ್ಗೆ ಕಾನೂನು ಎಲ್ಲ ಕಡೆ ಒಂದೇ ಇಲ್ಲ. ನೀವಿರುವ ಕಡೆಯ ಅಬಕಾರಿ ನಿಯಮ ಏನು ಅಂತ ಕೈಹಾಕುವ ಮೊದಲೇ ತಿಳಿದುಕೊಳ್ಳಿ.

ಏರ್‌ಲಾಕ್‌ನಲ್ಲಿ ಗುಳ್ಳೆ ಬರುತ್ತಿಲ್ಲ

ಏರ್‌ಲಾಕ್ ಅಂದರೆ ಹುದುಗುವ ಪಾತ್ರೆಯ ಗ್ಯಾಸ್ ಹೊರಬಿಟ್ಟು ಗಾಳಿಯನ್ನು ಒಳಗೆ ಬಿಡದ, ನೀರು ಹಾಕಿದ ಸಣ್ಣ ಕೊಳವೆ. ಈಸ್ಟ್ ಹಾಕಿ ಇನ್ನೂ 24 ಗಂಟೆ ಆಗಿಲ್ಲವಾದರೆ ಏನೂ ಮಾಡಬೇಡಿ. ಈಸ್ಟ್ ಮೊದಲು ಆಮ್ಲಜನಕ ಹೀರಿಕೊಂಡು ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಆಮೇಲೆ ಹುದುಗು ಜೋರಾಗುತ್ತದೆ. ಲಾಗರ್‌ನಂಥ, ತಣ್ಣಗೆ ಇಟ್ಟು ಹುದುಗಿಸುವ ಬಿಯರ್‌ಗೆ 48 ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಆಮೇಲೂ ಗುಳ್ಳೆ ಇಲ್ಲವಾದರೆ ಮೊದಲು ಮುಚ್ಚಳ ನೋಡಿ. ಪ್ಲಾಸ್ಟಿಕ್ ಬಕೆಟ್‌ನ ಮುಚ್ಚಳ ಅಥವಾ ಏರ್‌ಲಾಕ್‌ನ ರಬ್ಬರ್ ಬಿರಡೆ ಸರಿಯಾಗಿ ಕೂತಿರದಿದ್ದರೆ ಗ್ಯಾಸ್ ಅಲ್ಲಿಂದಲೇ ಹೋಗುತ್ತಿರುತ್ತದೆ. ಮುಚ್ಚಳವನ್ನು ಮೆಲ್ಲಗೆ ಒತ್ತಿ. ಏರ್‌ಲಾಕ್‌ನ ನೀರು ಮೇಲೇರಿ ಕೂಡಲೇ ಇಳಿದುಬಿಟ್ಟರೆ ಸೋರಿಕೆ ಇದೆ ಅಂತ ಅರ್ಥ. ಬಿಯರ್‌ಗೆ ಅದರಿಂದ ಏನೂ ಆಗಿಲ್ಲ. ಆಮೇಲೆ ಟಾರ್ಚ್ ಹಿಡಿದು ಒಳಗೆ ನೋಡಿ. ಮೇಲೆ ನೊರೆಯ ಪದರ ಇದೆಯಾ? ಅಥವಾ ನೊರೆ ಇಳಿದು ಪಾತ್ರೆಯ ಗೋಡೆಗೆ ಕಂದು ಕಲೆ ಅಂಟಿದೆಯಾ? ಎರಡರಲ್ಲಿ ಯಾವುದು ಕಂಡರೂ ಹುದುಗು ನಡೆದಿದೆ.

ಏನೂ ಕಾಣದಿದ್ದರೆ ಗ್ರಾವಿಟಿ ಅಳೆಯಿರಿ. 1.050ರಿಂದ ಶುರುವಾದದ್ದು 1.040ಕ್ಕೆ ಬಂದಿದ್ದರೆ ಎಲ್ಲ ಸರಿಯಾಗಿದೆ. ಗುಳ್ಳೆ ಮೋಸ ಮಾಡಬಹುದು, ಹೈಡ್ರೋಮೀಟರ್ ಮಾಡುವುದಿಲ್ಲ. ಈ ಮಾತನ್ನು ಇಡೀ ಕೈಪಿಡಿಗೆ ಅನ್ವಯಿಸಿಕೊಳ್ಳಿ.

ಗ್ರಾವಿಟಿ ಒಂದಿಷ್ಟೂ ಇಳಿದಿಲ್ಲವಾದರೆ ತಾಪಮಾನ ನೋಡಿ. ಏಲ್ (ಲಾಗರ್‌ಗಿಂತ ಬೆಚ್ಚಗೆ ಹುದುಗಿಸುವ ಬಿಯರ್) ಈಸ್ಟ್‌ಗೆ 18ರಿಂದ 22 ಡಿಗ್ರಿ ಹಿತ. ತಣ್ಣಗಾಗಿದ್ದರೆ ಬೆಚ್ಚಗಿನ ಕೋಣೆಗೆ ಸರಿಸಿ. 40 ಡಿಗ್ರಿಗಿಂತ ಬಿಸಿಯಿದ್ದ ವರ್ಟ್‌ಗೆ (ಇನ್ನೂ ಹುದುಗದ ಮಾಲ್ಟ್‌ನ ಸಿಹಿ ದ್ರವ) ಈಸ್ಟ್ ಹಾಕಿದ್ದರೆ ಅದು ಸತ್ತಿರುವ ಸಾಧ್ಯತೆ ಜಾಸ್ತಿ. ಪ್ಯಾಕೆಟ್‌ನ ಅವಧಿ ಮುಗಿದಿದ್ದರೂ ಹಾಗೇ. ಆಗ ಕಾಯುತ್ತಾ ಕೂರಬೇಡಿ, ಹೊಸ ಈಸ್ಟ್ ಹಾಕಿ. 1.050 ಗ್ರಾವಿಟಿಯ ಸುಮಾರು 20 ಲೀಟರ್ ಏಲ್‌ಗೆ 11 ಗ್ರಾಂನ ಒಂದು ಒಣ ಈಸ್ಟ್ ಪ್ಯಾಕೆಟ್ ಸಾಕು. ಲಾಗರ್‌ಗೆ ಅದರ ಎರಡರಷ್ಟು ಬೇಕು.

ಇಲ್ಲಿ ಒಂದು ಗಡಿ ಇದೆ. ಕೋಣೆಯ ಬಿಸಿಯಲ್ಲಿ ನಾಲ್ಕು ದಿನ ಕಳೆದರೂ ಗ್ರಾವಿಟಿ ಅಲ್ಲಾಡಿಲ್ಲ ಅಂದರೆ ಆ ವರ್ಟ್ ಅನ್ನು ಚೆಲ್ಲಿಬಿಡಿ, ರುಚಿ ನೋಡಬೇಡಿ. ಹುದುಗಿದ ಬಿಯರ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಕಹಿ ಕೊಡುವ ಹಾಪ್ಸ್ ಎಂಬ ಹೂವಿನ ಅಂಶ ಇರುತ್ತದೆ, ಪಿಎಚ್ (ಹುಳಿ ಜಾಸ್ತಿಯಾದಷ್ಟೂ ಇಳಿಯುವ ಅಂಕಿ) ಸಾಮಾನ್ಯವಾಗಿ 4.5ರ ಆಸುಪಾಸು ಅಥವಾ ಅದಕ್ಕಿಂತ ಕೆಳಗಿರುತ್ತದೆ. ಅದಕ್ಕೇ ಅಪಾಯದ ರೋಗಾಣುಗಳು ಅಲ್ಲಿ ಬಾಳುವುದು ಕಷ್ಟ. ಹುದುಗದ ವರ್ಟ್‌ಗೆ ಈ ರಕ್ಷಣೆ ಇಲ್ಲ. ಅದರ ಪಿಎಚ್ 5ಕ್ಕಿಂತ ಮೇಲಿರುತ್ತದೆ. ಗಾಳಿಯಾಡದ ಪಾತ್ರೆಯಲ್ಲಿ ಬಾಟುಲಿಸಂ ಎಂಬ ಮಾರಕ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಾಕು.

ಗುಳ್ಳೆ ನಿಂತಿದೆ, ಆದರೆ ಗ್ರಾವಿಟಿ ಮೇಲೇ ಇದೆ

1.020ರ ಹತ್ತಿರ ನಿಂತುಬಿಟ್ಟ ಬಿಯರ್ ಬಹಳ ಜನರನ್ನು ಕಾಡುತ್ತದೆ. ಮೊದಲು ಓದಿದ ಅಂಕಿ ನಿಜವೋ ನೋಡಿ. ಹೈಡ್ರೋಮೀಟರ್‌ಗೆ ಗುಳ್ಳೆ ಅಂಟಿಕೊಂಡರೆ ಅದು ಮೇಲಕ್ಕೆ ತೇಲಿ ಜಾಸ್ತಿ ತೋರಿಸುತ್ತದೆ. ಸ್ಯಾಂಪಲ್‌ನ ಗ್ಯಾಸ್ ಬಿಡಿಸಿ, ಹೈಡ್ರೋಮೀಟರ್ ಅನ್ನು ಒಮ್ಮೆ ತಿರುಗಿಸಿ ಬಿಟ್ಟು ಮತ್ತೆ ಓದಿ. ನೀವು ಬಳಸಿದ್ದು ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ) ಆಗಿದ್ದರೆ ಸಮಸ್ಯೆಯೇ ಇಲ್ಲದಿರಬಹುದು. ಆಲ್ಕೋಹಾಲ್ ಇರುವ ದ್ರವದಲ್ಲಿ ಅದು ತಪ್ಪು ಅಂಕಿ ಕೊಡುತ್ತದೆ. 1.050ರಿಂದ ಶುರುವಾಗಿ 1.010ಕ್ಕೆ ಇಳಿದ ಬಿಯರ್ ಅನ್ನೂ ಅದು 1.025ರ ಹತ್ತಿರ ತೋರಿಸುತ್ತದೆ. ಹುದುಗು ಶುರುವಾದ ಮೇಲೆ ಅದರ ಅಂಕಿಯನ್ನು ಲೆಕ್ಕ ಹಾಕಿ ತಿದ್ದದೆ ನಂಬಬೇಡಿ.

ಅಂಕಿ ನಿಜವಾದರೆ, ಎಷ್ಟಕ್ಕೆ ಇಳಿಯಬೇಕಿತ್ತು ಅಂತ ಲೆಕ್ಕ ಹಾಕಿ. 1.050ರ ಬಿಯರ್ 1.012ಕ್ಕೆ ಇಳಿದರೆ ಶೇ. 76ರಷ್ಟು ಇಳಿತ ಆಯಿತು. ಹೆಚ್ಚಿನ ಏಲ್ ಈಸ್ಟ್‌ಗಳು ಶೇ. 70ರಿಂದ 80ರ ನಡುವೆ ನಿಲ್ಲುತ್ತವೆ. ನಿಮ್ಮ ಈಸ್ಟ್ ಎಷ್ಟು ಇಳಿಸುತ್ತದೆ ಅನ್ನುವುದನ್ನು ತಯಾರಕರೇ ಹೇಳಿರುತ್ತಾರೆ.

ಈಗ ಖರ್ಚಿಲ್ಲದ ಉಪಾಯ. ಹುದುಗುವ ಪಾತ್ರೆಯನ್ನು ಎರಡು ಮೂರು ಡಿಗ್ರಿ ಬೆಚ್ಚಗೆ ಮಾಡಿ. ಮುಚ್ಚಳ ತೆಗೆಯದೆ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ, ತಳಕ್ಕೆ ಕೂತ ಈಸ್ಟ್ ಏಳಲಿ. ಚೆಲ್ಲಾಡುವ ಹಾಗೆ ಕುಲುಕಬೇಡಿ. ಈ ಹಂತದಲ್ಲಿ ಗಾಳಿ ಸೇರಿದರೆ ಬಿಯರ್ ಹಳಸುತ್ತದೆ. ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ.

ಆಗಲೂ ಇಳಿಯದಿದ್ದರೆ ತಪ್ಪು ಈಸ್ಟ್‌ನದೋ ವರ್ಟ್‌ನದೋ ಅಂತ ಬೇರ್ಪಡಿಸಬೇಕು. ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. 200 ಮಿಲಿಲೀಟರ್ ಬಿಯರ್ ತೆಗೆದು, ಅದಕ್ಕೆ ಧಾರಾಳವಾಗಿ ಹೊಸ ಈಸ್ಟ್ ಹಾಕಿ, ಬಾಯಿ ಸಡಿಲವಾಗಿ ಮುಚ್ಚಿ, 25 ಡಿಗ್ರಿಯಲ್ಲಿ ಎರಡು ಮೂರು ದಿನ ಆಗಾಗ ಅಲುಗಿಸುತ್ತಾ ಇಡಿ. ಆ ಸ್ಯಾಂಪಲ್ ಇಳಿದರೆ ದೊಡ್ಡ ಪಾತ್ರೆಯಲ್ಲಿರುವ ಈಸ್ಟ್ ಸುಸ್ತಾಗಿದೆ ಅಂತ ಅರ್ಥ. ಸ್ವಲ್ಪ ವರ್ಟ್‌ನಲ್ಲಿ ಮೊದಲೇ ಈಸ್ಟ್ ಬೆಳೆಸಿ, ಚೆನ್ನಾಗಿ ನೊರೆಯೆದ್ದ ಸ್ಟಾರ್ಟರ್ ಮಾಡಿ ಹಾಕಿ. ಆಲ್ಕೋಹಾಲ್ ಇರುವ ಬಿಯರ್ ಮೇಲೆ ಒಣ ಈಸ್ಟ್ ಉದುರಿಸಿದರೆ ಬಹಳ ಸಲ ಕೆಲಸ ಆಗುವುದಿಲ್ಲ. ಸ್ಯಾಂಪಲ್ ಕೂಡ ಇಳಿಯದಿದ್ದರೆ ವರ್ಟ್‌ನಲ್ಲಿ ಈಸ್ಟ್ ತಿನ್ನುವ ಸಕ್ಕರೆಯೇ ಉಳಿದಿಲ್ಲ. ಮ್ಯಾಶ್, ಅಂದರೆ ಪಿಷ್ಟ ಸಕ್ಕರೆಯಾಗಲು ಮಾಲ್ಟ್ ಅನ್ನು ಬಿಸಿನೀರಿನಲ್ಲಿ ನೆನೆಸುವ ಹಂತ, 69 ಅಥವಾ 70 ಡಿಗ್ರಿ ದಾಟಿದಾಗ ಹೀಗಾಗುತ್ತದೆ. 63ರಿಂದ 65ರಲ್ಲಿ ಮ್ಯಾಶ್ ಮಾಡಿದರೆ ತೆಳುವಾದ ಒಣ ಬಿಯರ್, 67ರಿಂದ 69ರಲ್ಲಿ ಮಾಡಿದರೆ ದಪ್ಪ ಬಿಯರ್. ಹಾಗಾಗಿದ್ದರೆ ಅದನ್ನು ಹಾಗೇ ಒಪ್ಪಿಕೊಂಡು ಕುಡಿಯುವುದೇ ಮೇಲು. ಪಿಷ್ಟ ಒಡೆಯುವ ಕಿಣ್ವದ ಪುಡಿ ಹಾಕಬಹುದು, ಆದರೆ ಅದು ಎಲ್ಲಿ ನಿಲ್ಲಬೇಕು ಅಂತ ನಿಮ್ಮ ಮಾತು ಕೇಳುವುದಿಲ್ಲ. ಬಿಯರ್ ನೀರು ನೀರಾಗುತ್ತದೆ.

ಗ್ರಾವಿಟಿ ಯಾಕೆ ನಿಂತಿದೆ ಅಂತ ಗೊತ್ತಾಗುವವರೆಗೆ ಬಾಟಲಿಗೆ ತುಂಬಬೇಡಿ. ಯಾಕೆ ಅನ್ನುವುದನ್ನು ಬಾಟಲಿಯ ಭಾಗದಲ್ಲಿ ವಿವರಿಸಿದ್ದೇನೆ.

ಮೇಲೆ ಏನೋ ಕಟ್ಟಿಕೊಂಡಿದೆ

ಮೊದಲ ವಾರದಲ್ಲಿ ಕಾಣುವ ಕೊಳಕು ಬಣ್ಣದ ನೊರೆ, ಅದರ ಮೇಲಿನ ಕಂದು ಚುಕ್ಕೆ, ಹಸಿರು ಹಾಪ್ಸ್ ಚೂರು ಎಲ್ಲವೂ ಸಹಜ. ನೋಡಲು ಚೆನ್ನಾಗಿಲ್ಲ, ಅಷ್ಟೇ. ನೊರೆ ಇಳಿದ ಮೇಲೆ ತೇಲುವ ಕೆನೆ ಬಣ್ಣದ ತುಂಡುಗಳು ಈಸ್ಟ್ ಮುದ್ದೆಗಳು.

ಹುದುಗು ಮುಗಿದ ಮೇಲೆ ಬಿಳಿ, ಸುಕ್ಕುಗಟ್ಟಿದ, ದೊಡ್ಡ ಗುಳ್ಳೆಗಳಿರುವ ಪೊರೆ ಕಟ್ಟಿದರೆ ಅದು ಕಾಡು ಈಸ್ಟ್ ಅಥವಾ ಬ್ಯಾಕ್ಟೀರಿಯಾ ಸೇರಿದ ಗುರುತು. ಗಾಳಿ ಒಳಗೆ ಹೋಗಿದೆ ಅನ್ನುವುದನ್ನೂ ಅದು ಹೇಳುತ್ತದೆ. ಪೊರೆಯ ಕೆಳಗಿನಿಂದ ಸ್ವಲ್ಪ ತೆಗೆದು ಮೂಸಿ. ರುಚಿ ಚೆನ್ನಾಗಿದ್ದರೆ ತಣ್ಣಗೆ ಇಟ್ಟು ಬೇಗ ಕುಡಿದು ಮುಗಿಸಬಹುದು. ಆದರೆ ಅದನ್ನು ಗಾಜಿನ ಬಾಟಲಿಗೆ ತುಂಬುವುದು ಬೇಡ.

ಹಸಿರು, ಕಪ್ಪು, ಗುಲಾಬಿ ಬಣ್ಣದ, ಹತ್ತಿಯ ಹಾಗೆ ರೋಮ ಎದ್ದ ಬೂಷ್ಟು ಕಂಡರೆ ಚೆಲ್ಲಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಯೋಚನೆ ಬೇಡ.

ಬಾಟಲಿ ತೆರೆದರೆ ಚಿಮ್ಮುತ್ತದೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮನೆ ಬಿಯರ್‌ನಲ್ಲಿ ನಿಜವಾಗಿ ಗಾಯ ಮಾಡುವುದು ಒಡೆಯುವ ಗಾಜು.

ಒಂದು ಬಾಟಲಿ ತಾನಾಗಿ ಒಡೆದಿದ್ದರೆ ಉಳಿದವನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಕೈಗವಸು, ಮುಖ ಮುಚ್ಚುವ ರಕ್ಷಣೆ, ಉದ್ದ ತೋಳಿನ ದಪ್ಪ ಬಟ್ಟೆ ಹಾಕಿಕೊಳ್ಳಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರ ಇಡಿ. ಬಾಟಲಿಗಳ ಮೇಲೆ ದಪ್ಪ ಕಂಬಳಿ ಹೊದಿಸಿ, ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಗೆ ಸರಿಸಿ ಫ್ರಿಜ್‌ನಲ್ಲಿಡಿ. ತಣ್ಣಗಾದರೆ ಗ್ಯಾಸ್ ದ್ರವದೊಳಗೆ ಕರಗಿ ಒತ್ತಡ ಇಳಿಯುತ್ತದೆ. ಒಂದೆರಡು ದಿನ ಪೂರ್ತಿ ತಣ್ಣಗಾದ ಮೇಲೆ, ಅದೇ ರಕ್ಷಣೆ ಹಾಕಿಕೊಂಡು, ಬಟ್ಟೆ ಸುತ್ತಿ, ಮುಖ ದೂರ ಇಟ್ಟು ಒಂದೊಂದೇ ತೆರೆಯಿರಿ. ಪೆಟ್ಟಿಗೆಯನ್ನು ಮುಟ್ಟಲೇ ಹೆದರಿಕೆ ಆಗುವಷ್ಟು ಬಾಟಲಿಗಳು ಒಡೆಯುತ್ತಿದ್ದರೆ ಆ ಕೋಣೆಯ ಬಾಗಿಲು ಮುಚ್ಚಿ ಬಿಟ್ಟುಬಿಡಿ. ಬಿಯರ್ ಹೋದರೆ ಹೋಗಲಿ.

ಒಡೆಯದೆ ಬರೀ ಚಿಮ್ಮುತ್ತಿದ್ದರೆ ಮೊದಲು ಒಂದು ಬಾಟಲಿಯನ್ನು ಎರಡು ದಿನ ಫ್ರಿಜ್‌ನಲ್ಲಿ ನಿಲ್ಲಿಸಿ ತೆರೆಯಿರಿ. ಸುಮ್ಮನಿದ್ದರೆ ನೀವು ಬೆಚ್ಚಗಿನ ಬಾಟಲಿ ತೆರೆದದ್ದೇ ಕಾರಣವಿರಬಹುದು. ತಣ್ಣಗಿದ್ದರೂ ಚಿಮ್ಮಿದರೆ ಇನ್ನೂ ನಾಲ್ಕಾರು ಬಾಟಲಿ ನೋಡಿ. ಒಂದೇ ಒಂದು ಚಿಮ್ಮಿದರೆ ಆ ಬಾಟಲಿ ಸರಿಯಾಗಿ ತೊಳೆದಿರಲಿಲ್ಲ. ಕೆಲವು ಚಿಮ್ಮಿ ಕೆಲವು ಸಪ್ಪೆಯಾಗಿದ್ದರೆ ಬಾಟಲಿಯಲ್ಲಿ ಗ್ಯಾಸ್ ಬರಲೆಂದು ತುಂಬುವಾಗ ಹಾಕಿದ ಸಕ್ಕರೆ ನೀರು ಬಿಯರ್‌ನಲ್ಲಿ ಸಮನಾಗಿ ಬೆರೆತಿಲ್ಲ. ಎಲ್ಲವೂ ಚಿಮ್ಮಿದರೆ ಲೆಕ್ಕಕ್ಕೆ ಹೋಗಬೇಕು.

ಗ್ಯಾಸ್ ಅನ್ನು ವಾಲ್ಯೂಮ್‌ನಲ್ಲಿ ಹೇಳುತ್ತಾರೆ. ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ ಒಂದು ವಾಲ್ಯೂಮ್. ಲೀಟರ್‌ಗೆ 4 ಗ್ರಾಂ ಸಕ್ಕರೆ ಸುಮಾರು ಒಂದು ವಾಲ್ಯೂಮ್ ಕೊಡುತ್ತದೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಆಗಲೇ 0.85ರಷ್ಟು ಇರುತ್ತದೆ. ಹಾಗಾಗಿ 2.4 ವಾಲ್ಯೂಮ್ ಬೇಕಾದರೆ ಲೀಟರ್‌ಗೆ 6 ಗ್ರಾಂ ಸಕ್ಕರೆ ಸಾಕು, 20 ಲೀಟರ್‌ಗೆ ಸುಮಾರು 120 ಗ್ರಾಂ. ಇಂಗ್ಲಿಷ್ ಬಿಟರ್‌ಗೆ 1.5ರಿಂದ 2 ಚೆನ್ನ. ಗೋಧಿ ಬಿಯರ್‌ಗೆ 3ಕ್ಕಿಂತ ಜಾಸ್ತಿ ಹಾಕುತ್ತಾರೆ, ಆದರೆ ಅದಕ್ಕೆ ದಪ್ಪ ಗಾಜಿನ ಬಾಟಲಿಯೇ ಬೇಕು. ಸಕ್ಕರೆಯನ್ನು ತೂಗಿ ಹಾಕಿ, ಚಮಚದ ಲೆಕ್ಕ ಬೇಡ. ತಳದ ಗಷ್ಟು ಬಿಟ್ಟು ನಿಜವಾಗಿ ಎಷ್ಟು ಲೀಟರ್ ಬಂತೋ ಅಷ್ಟಕ್ಕೆ ಮಾತ್ರ ಹಾಕಿ.

ಈಗ ಮುಖ್ಯ ವಿಷಯ. ಹುದುಗು ಮುಗಿಯದೆ ಬಾಟಲಿಗೆ ಹಾಕಿದರೆ ಏನಾಗುತ್ತದೆ? ಬಾಟಲಿಯೊಳಗೆ ಗ್ರಾವಿಟಿ 0.001 ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಸೇರುತ್ತದೆ. 1.016ಕ್ಕೆ ತುಂಬಿದ್ದು ಒಳಗೇ 1.012ಕ್ಕೆ ಇಳಿದರೆ ಎರಡು ವಾಲ್ಯೂಮ್ ಜಾಸ್ತಿ. ನಿಮ್ಮ 2.4 ಹೋಗಿ 4.4 ಆಯಿತು. ಮಾಮೂಲಿ ಬಾಟಲಿ ಅದನ್ನು ತಡೆಯುತ್ತದೆ ಅಂತ ನಂಬಲು ಆಗುವುದಿಲ್ಲ. ಅದಕ್ಕೇ ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಅಂಕಿ ಒಂದೇ ಆದ ಮೇಲೆ ತುಂಬಬೇಕು.

ಕಾರಣ ಯಾವುದು ಅಂತ ಹಿಡಿಯಲು ಚಿಮ್ಮುವ ಬಾಟಲಿಯ ಬಿಯರ್‌ನ ಗ್ಯಾಸ್ ಪೂರ್ತಿ ಬಿಡಿಸಿ ಗ್ರಾವಿಟಿ ಅಳೆಯಿರಿ. ತುಂಬಿದ ದಿನದ ಅಂಕಿಯೇ ಬಂದರೆ ಸಕ್ಕರೆ ಜಾಸ್ತಿ ಆಗಿತ್ತು. ಅದಕ್ಕಿಂತ ಕೆಳಗೆ ಬಂದು ರುಚಿ ಶುದ್ಧವಾಗಿದ್ದರೆ ಬೇಗ ತುಂಬಿದ್ದೀರಿ. ತುಂಬಾ ಕೆಳಗೆ ಬಂದು, ರುಚಿ ನೀರಾಗಿ, ವಾರದಿಂದ ವಾರಕ್ಕೆ ಚಿಮ್ಮುವುದು ಹೆಚ್ಚುತ್ತಿದ್ದರೆ, ಬಾಟಲಿಯ ಕತ್ತಿನಲ್ಲಿ ದ್ರವದ ಮಟ್ಟದಲ್ಲಿ ಬಿಳಿ ಉಂಗುರ ಕಂಡರೆ, ಸೋಂಕು ತಗುಲಿದೆ. ಡಯಾಸ್ಟಾಟಿಕಸ್ ಎಂಬ ಈಸ್ಟ್ ಬಗೆ ಉಳಿದ ಈಸ್ಟ್‌ಗಳು ಬಿಡುವ ಉದ್ದ ಸಕ್ಕರೆಗಳನ್ನೂ ನಿಧಾನವಾಗಿ ತಿನ್ನುತ್ತದೆ. ಸೈಸನ್ ಬಿಯರ್‌ಗೆ ಬಳಸುವ ಕೆಲವು ಈಸ್ಟ್‌ಗಳು ಈ ಜಾತಿಯವು. ಅವನ್ನು ಬಳಸಿದ ಪ್ಲಾಸ್ಟಿಕ್ ಪೈಪು, ನಲ್ಲಿಗಳನ್ನು ಬೇರೆ ಬಿಯರ್‌ಗೆ ಬಳಸದಿರುವುದು ಒಳ್ಳೆಯದು.

ಗ್ಯಾಸೇ ಇಲ್ಲ, ಸಪ್ಪೆ

ತುಂಬಿ ಎಷ್ಟು ದಿನ ಆಯಿತು? 20 ಡಿಗ್ರಿಯಲ್ಲಿ ಎರಡರಿಂದ ಮೂರು ವಾರ ಬೇಕು. ತಣ್ಣಗಿನ ಜಾಗದಲ್ಲಿಟ್ಟಿದ್ದರೆ ಬೆಚ್ಚಗೆ ಸರಿಸಿ, ಬಾಟಲಿಯನ್ನು ಒಮ್ಮೆ ತಲೆಕೆಳಗೆ ಮಾಡಿ ಈಸ್ಟ್ ಎಬ್ಬಿಸಿ. ಮುಚ್ಚಳ ಬೆರಳಲ್ಲಿ ತಿರುಗುತ್ತದೆಯಾ ನೋಡಿ. ತಿರುಗಿದರೆ ಗ್ಯಾಸ್ ಸೋರಿ ಹೋಗಿದೆ. ಆಲ್ಕೋಹಾಲ್ ಜಾಸ್ತಿಯಿರುವ, ತಿಂಗಳುಗಟ್ಟಲೆ ಇಟ್ಟ ಬಿಯರ್‌ನಲ್ಲಿ ಈಸ್ಟ್ ಸೋತಿರುತ್ತದೆ, ಪ್ರತಿ ಬಾಟಲಿಗೂ ನಾಲ್ಕಾರು ಕಾಳು ಒಣ ಈಸ್ಟ್ ಹಾಕಬೇಕಾಗುತ್ತದೆ. ಆದರೆ ಕಾರಣ ಗೊತ್ತಿಲ್ಲದೆ ಮತ್ತೆ ಸಕ್ಕರೆ ಮಾತ್ರ ಹಾಕಬೇಡಿ. ಮೊದಲು ಹಾಕಿದ್ದು ಒಳಗೇ ಇದ್ದು ಈಸ್ಟ್ ತಡವಾಗಿ ಎದ್ದರೆ ಎರಡೂ ಸೇರಿ ಬಾಟಲಿ ಒಡೆಯುತ್ತದೆ.

ಬಗ್ಗಡವಾಗಿದೆ

ಇದು ನೋಟದ ದೋಷ, ರುಚಿಗೆ ಹೆಚ್ಚಾಗಿ ತೊಂದರೆಯಿಲ್ಲ. ಗೋಧಿ ಬಿಯರ್, ಹೇಝಿ ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಒಂದು ಬಗೆಯ ಏಲ್) ಬಗ್ಗಡವಾಗಿಯೇ ಇರಬೇಕು. ಕೋಣೆಯ ಬಿಸಿಯಲ್ಲಿ ತಿಳಿಯಾಗಿದ್ದು ಫ್ರಿಜ್‌ನಲ್ಲಿ ಮಸುಕಾದರೆ ಪ್ರೋಟೀನ್ ಮತ್ತು ಒಗರು ಕೊಡುವ ಟ್ಯಾನಿನ್ ಸೇರಿ ಆದ ಚಳಿಯ ಮಸುಕು. ಕೆಲವು ವಾರ ತಣ್ಣಗೆ ಇಟ್ಟರೆ ತಳಕ್ಕೆ ಕೂರುತ್ತದೆ. ಮುಂದಿನ ಸಲ ಕುದಿಯ ಕೊನೆಯ 10ರಿಂದ 15 ನಿಮಿಷದಲ್ಲಿ ಐರಿಶ್ ಮಾಸ್ ಎಂಬ ಕಡಲ ಪಾಚಿ ಹಾಕಿ, ಕುದಿಸಿದ್ದನ್ನು ಬೇಗ ತಣ್ಣಗೆ ಮಾಡಿ. ಎಷ್ಟು ದಿನವಾದರೂ ತಿಳಿಯಾಗದಿದ್ದರೆ ಪಿಷ್ಟ ಉಳಿದಿರಬಹುದು. ಮ್ಯಾಶ್ ಮಾಡುವಾಗಲೇ ತಣಿದ ಒಂದು ಚಮಚ ದ್ರವಕ್ಕೆ ಅಯೋಡಿನ್ ಹನಿ ಹಾಕಿ ನೋಡಿ. ನೀಲಿ ಕಪ್ಪಾದರೆ ಪಿಷ್ಟ ಇನ್ನೂ ಒಡೆದಿಲ್ಲ. ಆ ಚಮಚದ್ದನ್ನು ಪಾತ್ರೆಗೆ ವಾಪಸ್ ಹಾಕಬಾರದು. ಬಗ್ಗಡದ ಜೊತೆಗೆ ಹುಳಿಯೂ ಬಂದಿದ್ದರೆ ಮಾತ್ರ ಸೋಂಕಿನ ಕಡೆ ನೋಡಿ.

ವಾಸನೆ ಮತ್ತು ರುಚಿ ಸರಿಯಿಲ್ಲ

ಬೆಣ್ಣೆ ಅಥವಾ ಬಟರ್‌ಸ್ಕಾಚ್ ವಾಸನೆ, ನಾಲಗೆಯ ಮೇಲೆ ಜಾರುವ ಅನುಭವ ಬಂದರೆ ಅದು ಡೈಅಸಿಟೈಲ್. ಈಸ್ಟ್ ಇದನ್ನು ಮೊದಲು ಹೊರಹಾಕಿ ಆಮೇಲೆ ತಾನೇ ತಿನ್ನುತ್ತದೆ. ಬೇಗ ತಣ್ಣಗೆ ಮಾಡಿದರೆ ತಿನ್ನುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಲಾಗರ್ ಅನ್ನು ಹುದುಗು ಮುಗಿಯುವ ಹೊತ್ತಿಗೆ 18ರಿಂದ 20 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡಿ. ಬಾಟಲಿಗೆ ತುಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಲೋಟದಲ್ಲಿ ಸ್ಯಾಂಪಲ್ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು ತಣಿಸಿ. ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಇನ್ನೂ ಸ್ವಲ್ಪ ದಿನ ಈಸ್ಟ್ ಮೇಲೇ ಬಿಡಿ. ಡೈಅಸಿಟೈಲ್ ಆಗಲಿರುವ ವಸ್ತು ಇನ್ನೂ ಒಳಗಿದೆ, ಅದು ಮುಂದೆ ಬಾಟಲಿಯಲ್ಲಿ ಬೆಣ್ಣೆಯಾಗುತ್ತದೆ. ಬಾಟಲಿಯಲ್ಲಿ ವಾರ ಕಳೆದಂತೆ ಬೆಣ್ಣೆ ಮತ್ತು ಹುಳಿ ಎರಡೂ ಹೆಚ್ಚಿದರೆ ಅದು ಪೀಡಿಯೊಕಾಕಸ್ ಬ್ಯಾಕ್ಟೀರಿಯಾ, ಕಾದರೆ ಹೋಗುವಂಥದ್ದಲ್ಲ.

ಹಸಿ ಸೇಬಿನ ವಾಸನೆ ಅಸಿಟಾಲ್ಡಿಹೈಡ್‌ನದು. ಬಿಯರ್ ಇನ್ನೂ ಎಳೆಯದು ಅಂತ ಅರ್ಥ. ಈಸ್ಟ್ ಮೇಲೆ ಇನ್ನೊಂದು ವಾರ ಬಿಡಿ. ಕೊಳೆತ ಮೊಟ್ಟೆಯ ವಾಸನೆ ಲಾಗರ್ ಈಸ್ಟ್‌ಗಳಲ್ಲಿ ಸಾಮಾನ್ಯ, ಗುಳ್ಳೆಗಳ ಜೊತೆಗೇ ಹೊರಹೋಗುತ್ತದೆ.

ಬೇಯಿಸಿದ ಜೋಳದ ವಾಸನೆ ಡೈಮೀಥೈಲ್ ಸಲ್ಫೈಡ್‌ನಿಂದ. ತಿಳಿ ಬಣ್ಣದ ಪಿಲ್ಸ್ನರ್ ಮಾಲ್ಟ್‌ನಲ್ಲಿ ಇದರ ಮೂಲವಸ್ತು ಜಾಸ್ತಿ. ಪಾತ್ರೆ ಮುಚ್ಚಿ ಕುದಿಸಿದರೆ ಆವಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಬೀಳುತ್ತದೆ. ಮುಚ್ಚಳ ತೆಗೆದು, ಪಿಲ್ಸ್ನರ್ ಮಾಲ್ಟ್ ಆದರೆ 90 ನಿಮಿಷ, ಚೆನ್ನಾಗಿ ಕುದಿಸಿ. ಗ್ಯಾಸ್ ಒಲೆಯಲ್ಲಿ ಕುದಿಸುವಾಗ ಗಾಳಿ ಆಡುತ್ತಿರಲಿ. ದೊಡ್ಡ ಬರ್ನರ್ ಅನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಸೇರಿ ಪ್ರಾಣಕ್ಕೇ ಅಪಾಯ.

ಬ್ಯಾಂಡೇಜ್ ಅಥವಾ ಆಸ್ಪತ್ರೆಯ ವಾಸನೆ ಬಂದರೆ ನೀರನ್ನು ಅನುಮಾನಿಸಿ. ನಲ್ಲಿ ನೀರಿನ ಕ್ಲೋರಿನ್, ಮಾಲ್ಟ್ ಮತ್ತು ಈಸ್ಟ್‌ನ ಫೀನಾಲ್ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಅದು ಅತಿ ಕಡಿಮೆ ಇದ್ದರೂ ಮೂಗಿಗೆ ಬಡಿಯುತ್ತದೆ. ಬರೀ ಕ್ಲೋರಿನ್ ಆದರೆ ನೀರನ್ನು ಮೊದಲೇ ಕುದಿಸಿ ತಣಿಸಿದರೆ ಹೋಗುತ್ತದೆ. ಕ್ಲೋರಮೈನ್ ಹಾಗೆ ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ಕ್ಯಾಂಪ್ಡೆನ್ ಮಾತ್ರೆ ಬೇಕು, ಒಂದು ಮಾತ್ರೆ ಸುಮಾರು 75 ಲೀಟರ್ ನೀರಿಗೆ ಸಾಕು. ಅದು ಸಲ್ಫೈಟ್ ಆದ್ದರಿಂದ ಆಸ್ತಮಾ ಇರುವವರು ಪುಡಿಯನ್ನು ಮೂಸಬಾರದು. ಬ್ಲೀಚ್‌ನಲ್ಲಿ ತೊಳೆದ ಪಾತ್ರೆಯಿಂದಲೂ ಇದೇ ದೋಷ ಬರುತ್ತದೆ. ಬ್ಲೀಚ್ ಜೊತೆ ಯಾವ ಆಮ್ಲವನ್ನೂ, ಆಮ್ಲದ ಸ್ಯಾನಿಟೈಸರ್ ಅನ್ನೂ ಬೆರೆಸಬೇಡಿ. ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ.

ಒದ್ದೆ ರಟ್ಟಿನ ರುಚಿ ಅಂದರೆ ಗಾಳಿ ಸೇರಿ ಹಳಸಿದೆ. ಹಾಪ್ಸ್ ಧಾರಾಳವಾಗಿರುವ ಐಪಿಎ ಮೊದಲು ಪರಿಮಳ ಕಳೆದುಕೊಂಡು ಆಮೇಲೆ ಬೂದು ಕಂದು ಬಣ್ಣಕ್ಕೆ ತಿರುಗುತ್ತದೆ. ಸೈಫನ್ ಪೈಪಿನ ತುದಿ ಬಾಟಲಿಯ ತಳಕ್ಕೆ ತಾಗಿರಲಿ, ಮೇಲಿನಿಂದ ಸುರಿಯಬೇಡಿ. ಬೆಳಕಿಗೆ ಕೆಟ್ಟದ್ದು ಇದಕ್ಕಿಂತ ಬೇರೆ. ಅದರ ವಾಸನೆ ಕಟುವಾಗಿ, ಗಬ್ಬಾಗಿ ಇರುತ್ತದೆ. ಹಾಪ್ಸ್‌ನ ಕಹಿ ಅಂಶದ ಮೇಲೆ ಬೆಳಕು ಬಿದ್ದಾಗ ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ, ನೇರ ಬಿಸಿಲಲ್ಲಿ ಕೆಲವೇ ನಿಮಿಷ ಸಾಕು. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಣ್ಣವಿಲ್ಲದ ಗಾಜು ತಡೆಯುವುದಿಲ್ಲ.

ಗಂಟಲು ಸುಡುವ ಖಾರ, ಉಗುರು ಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ಹುದುಗು ತೀರಾ ಬಿಸಿಯಲ್ಲಿ ನಡೆದಿದೆ. ಕೋಣೆ 22 ಡಿಗ್ರಿ ಇದ್ದರೂ ಹುದುಗು ಜೋರಾದಾಗ ಪಾತ್ರೆಯೊಳಗೆ ಮೂರರಿಂದ ಐದು ಡಿಗ್ರಿ ಜಾಸ್ತಿ ಇರಬಹುದು. ಮೊದಲ ಮೂರು ದಿನ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ. ನನ್ನ ಮಟ್ಟಿಗೆ, ಹೊಸ ಮಾಲ್ಟ್ ಹೊಸ ಹಾಪ್ಸ್ ಕೊಳ್ಳುವುದಕ್ಕಿಂತ ಮೊದಲು ಈ ಮೂರು ದಿನದ ತಾಪಮಾನಕ್ಕೆ ಗಮನ ಕೊಡುವುದು ಬಿಯರ್‌ನ ರುಚಿಯನ್ನು ಹೆಚ್ಚು ಬದಲಿಸುತ್ತದೆ.

ಬಾಯಿ ಒಗರಾಗಿ, ಟೀ ಪುಡಿಯನ್ನು ಜಾಸ್ತಿ ಕುದಿಸಿ ಹಿಂಡಿದ ಹಾಗೆ ನಾಲಗೆ ಒಣಗಿದರೆ ಮಾಲ್ಟ್‌ನ ಹೊಟ್ಟಿನಿಂದ ಟ್ಯಾನಿನ್ ಬಿಟ್ಟಿದೆ. ಮ್ಯಾಶ್ ಆದ ಮೇಲೆ ಉಳಿದ ಸಕ್ಕರೆಗಾಗಿ ಕಾಳು ತೊಳೆಯುವ ನೀರು 77 ಡಿಗ್ರಿ ದಾಟದಿರಲಿ, ಕೊನೆಯಲ್ಲಿ ಪಿಎಚ್ 6 ದಾಟುವ ಮೊದಲೇ ನಿಲ್ಲಿಸಿ. ಕಾಳಿನ ಚೀಲವನ್ನು ಕುದಿಸಬೇಡಿ.

ಇನ್ನು ಹುಳಿ. ಮೊಸರಿನಂಥ ಶುದ್ಧ ಹುಳಿಯಾದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ವಿನಿಗರ್‌ನ ಹುಳಿಯಾದರೆ ಅಸಿಟೋಬ್ಯಾಕ್ಟರ್, ಅದಕ್ಕೆ ಗಾಳಿ ಬೇಕೇ ಬೇಕು. ಲವಂಗ, ಹೊಗೆ, ಕುದುರೆ ಲಾಯದ ವಾಸನೆ ಕಾಡು ಈಸ್ಟ್‌ನವು. ಬೆಲ್ಜಿಯಂನ ಓರ್ವಲ್ ಬಿಯರ್‌ಗೆ ಬಾಟಲಿಗೆ ತುಂಬುವಾಗ ಬ್ರೆಟಾನೊಮೈಸಿಸ್ ಎಂಬ ಅಂಥದ್ದೇ ಈಸ್ಟ್ ಅನ್ನು ಬೇಕೆಂದೇ ಹಾಕುತ್ತಾರೆ. ಬೇಡದ ಕಡೆ ಬಂದರೆ ಅದೇ ಕಾಟ. ದೊಡ್ಡ ಕಾರ್ಖಾನೆಗಳನ್ನೂ ಇದು ಬಿಟ್ಟಿಲ್ಲ. ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯಲ್ಲಿ ಬಿಯರ್ ಕೆಟ್ಟಾಗ ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕಾಡು ಈಸ್ಟ್ ಸೇರಿರುವುದನ್ನು ಕಂಡುಹಿಡಿದು, 1883ರಲ್ಲಿ ಒಂದೇ ಕೋಶದಿಂದ ಶುದ್ಧ ಈಸ್ಟ್ ಬೆಳೆಸಿದರು.

ಸೋಂಕಿಗೆ ಮದ್ದಿಲ್ಲ. ಕಾರಣ ಹುಡುಕಿ: ನಲ್ಲಿಯನ್ನು ಬಿಚ್ಚಿ ಒಳಗೆ ನೋಡಿ, ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ ಮತ್ತು ಹಳೆಯ ಪೈಪು ಬದಲಿಸಿ. ಮೊದಲು ಚೆನ್ನಾಗಿ ತೊಳೆಯಿರಿ, ಆಮೇಲೆ ಸ್ಯಾನಿಟೈಸರ್ ಹಾಕಿ. ಕೊಳೆಯ ಮೇಲೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ, ಅಲ್ವಾ?

ನೊರೆ ನಿಲ್ಲುವುದಿಲ್ಲ

ಮೊದಲು ಲೋಟ ಬದಲಿಸಿ ನೋಡಿ. ಸೋಪು ಅಥವಾ ಎಣ್ಣೆಯ ಪಸೆ ಉಳಿದಿದ್ದರೆ ನೊರೆ ಕೂಡಲೇ ಸಾಯುತ್ತದೆ. ಬಿಸಿನೀರಲ್ಲಿ ಚೆನ್ನಾಗಿ ಜಾಲಿಸಿದ ಲೋಟದಲ್ಲೂ ನಿಲ್ಲದಿದ್ದರೆ ಗ್ಯಾಸ್ ಕಡಿಮೆ ಇರಬಹುದು. ಮುಂದಿನ ಸಲ ಸ್ವಲ್ಪ ಗೋಧಿ ಮಾಲ್ಟ್ ಸೇರಿಸಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಬೂಷ್ಟು ಬಂದಿದ್ದರೆ, ಬಿಯರ್‌ಗೆ ಗಾಜಿನ ಚೂರು ಬಿದ್ದಿದ್ದರೆ, ತೊಳೆಯುವ ರಾಸಾಯನಿಕ ಸೇರಿದ್ದರೆ ಯೋಚಿಸದೆ ಚೆಲ್ಲಿ. ಕೆಟ್ಟ ಬಿಯರ್ ಅನ್ನು ಬಟ್ಟಿ ಇಳಿಸಿ ಉಳಿಸಿಕೊಳ್ಳೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಂಕಿ ಮತ್ತು ಆಲ್ಕೋಹಾಲ್ ಆವಿಯ ಅಪಾಯ ಒಂದು ಕಡೆ, ಬಹುತೇಕ ದೇಶಗಳಲ್ಲಿ ಪರವಾನಗಿ ಇಲ್ಲದೆ ಅದು ಅಪರಾಧ ಅನ್ನುವುದು ಇನ್ನೊಂದು ಕಡೆ. ಹಲವು ಪಾತ್ರೆಗಳು ಒಟ್ಟಿಗೆ ಹುದುಗುವ ಸಣ್ಣ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ನೆಲಮಟ್ಟದಲ್ಲಿ ಸೇರುತ್ತದೆ. ತಲೆ ಸುತ್ತಿದರೆ ಕೂಡಲೇ ಹೊರಬನ್ನಿ, ಬಾಗಿಲು ತೆರೆದಿಡಿ. ಕೆಗ್ (ಒತ್ತಡದಲ್ಲಿ ಬಿಯರ್ ಇಡುವ ಲೋಹದ ಪೀಪಾಯಿ) ಬಳಸುವವರು ಒತ್ತಡ ಪೂರ್ತಿ ಇಳಿಸದೆ ಮುಚ್ಚಳ ಬಿಚ್ಚಬಾರದು. ಕ್ಷಾರದ ದ್ರವ ಕಣ್ಣಿಗೆ ಬಿದ್ದರೆ ಹರಿಯುವ ನೀರಲ್ಲಿ ತೊಳೆಯುತ್ತಲೇ ಇದ್ದು ವೈದ್ಯರ ಹತ್ತಿರ ಹೋಗಿ.

ಎರಡು ಮೂರು ಬ್ಯಾಚ್‌ನಲ್ಲಿ ಅದೇ ದೋಷ ಮರುಕಳಿಸಿ, ಕಾರಣ ಹೊಳೆಯದಿದ್ದರೆ, ಅನುಭವ ಇರುವ ಬಿಯರ್ ತಯಾರಕರಿಗೆ ರುಚಿ ತೋರಿಸಿ. ತೆರೆಯದ ಎರಡು ಬಾಟಲಿ ತೆಗೆದುಕೊಂಡು ಹೋಗಿ. ಚಿಮ್ಮುವ ಬಾಟಲಿಯಾದರೆ ಹಾಗೆ ಒಯ್ಯಬೇಡಿ, ಗ್ಯಾಸ್ ಬಿಡಿಸಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ತಣ್ಣಗೆ ಒಯ್ಯಿರಿ. ಮಾಲ್ಟ್, ಹಾಪ್ಸ್, ಈಸ್ಟ್‌ನ ಹೆಸರು, ಮೊದಲ ಮತ್ತು ಕೊನೆಯ ಗ್ರಾವಿಟಿ, ದಿನದಿನದ ತಾಪಮಾನ, ನೀರಿನ ಮೂಲ, ಬಳಸಿದ ಸ್ಯಾನಿಟೈಸರ್ ಎಲ್ಲ ಬರೆದುಕೊಡಿ. ಆದರೆ ನಿಮಗೆ ಯಾವ ವಾಸನೆ ಬಂತು ಅನ್ನುವುದನ್ನು ಅವರು ಮೂಸಿ ಹೇಳುವವರೆಗೆ ಬಾಯಿಬಿಡಬೇಡಿ. ಮೊದಲೇ ಹೇಳಿಬಿಟ್ಟರೆ ಅವರ ಮೂಗೂ ಅದನ್ನೇ ಹುಡುಕುತ್ತದೆ.